ಕಾಳಿ ಹೊಳೆಯಲ್ಲಿ ಕಯಾಕ್: ರೂಮ್ ಬುಕ್ ಮಾಡೋ ಮೊದಲು ನೀರು ನೋಡಿ

ಮಳೆ ಬಿಟ್ಟು ನವರಾತ್ರಿ ಹತ್ರ ಬಂತು ಅಂದ್ರೆ ನಂಗೆ ಫೋನ್ ಶುರುವಾಗ್ತದೆ, ಅಣ್ಣಾ ಗಣೇಶಗುಡಿಗೆ ಹೋಗುವ, ಎರಡು ದಿನ ರಜೆ ಸಿಕ್ಕಿದೆ, ರೂಮ್ ಬುಕ್ ಮಾಡಿ ಆಯ್ತು, ಕಯಾಕ್ (ಒಬ್ಬರು ಕೂತು ಹುಟ್ಟು ಹಾಕೋ ಸಣ್ಣ ದೋಣಿ) ಎಲ್ಲಿ ಸಿಗ್ತದೆ ಅಂತ. ರೂಮ್ ಬುಕ್ ಮಾಡಿ ಆಯ್ತು ಅನ್ನೋ ಮಾತು ಕೇಳಿದ ಕೂಡ್ಲೇ ನಂಗೆ ಗೊತ್ತಾಗ್ತದೆ, ಇವರು ಪ್ಲಾನನ್ನ ಕೊನೆಯಿಂದ ಶುರು ಮಾಡಿದ್ದಾರೆ. ನಾನು ಶಿರಸಿ ಕಡೆಯವ, ಕೆಲಸ ಕಾರವಾರದಲ್ಲಿ, ಹುಟ್ಟು ಹಾಕ್ಲಿಕ್ಕೆ ಕಲಿತಿದ್ದು ಸದಾಶಿವಗಡದ ಎದುರು ಕಾಳಿ ಸಮುದ್ರ ಸೇರೋ ಕಡೆ ಅಗಲ ನೀರಲ್ಲಿ, ಘಟ್ಟದ ಮೇಲಿನ ಬಿಳಿ ನೀರಿಗೆ, ಅಂದ್ರೆ ಕಲ್ಲಿನ ಮಧ್ಯ ನೊರೆ ಎದ್ದು ಓಡೋ ನೀರಿಗೆ, ಹೋಗಿದ್ದು ಅದಾದ್ಮೇಲೆ. ಒಂದೇ ಹೊಳೆ, ಆದ್ರೆ ಕೆಳಗೆ ಕಲಿತದ್ದರಲ್ಲಿ ಅರ್ಧ ಮೇಲೆ ಉಪಯೋಗಕ್ಕೆ ಬರೋದಿಲ್ಲ. ಹಾಗಾಗಿ ಟ್ರಿಪ್ ಪ್ಲಾನ್ ಮಾಡೋದು ಹೇಗೆ ಅಂತ ನಂಗೆ ತಿಳಿದಷ್ಟನ್ನ ಇಲ್ಲಿ ಒಂದೇ ಕಡೆ ಬರೀತೇನೆ.

ಮೊದಲು ಹೊಳೆ ಯಾವುದು ಅಂತ. ನಮ್ಮ ಜಿಲ್ಲೆಯಲ್ಲಿ ಹೊಳೆಗೆ ಬರ ಇಲ್ಲ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ಘಟ್ಟ ಇಳಿದೇ ಸಮುದ್ರಕ್ಕೆ ಬರೋದು. ಮ್ಯಾಪಲ್ಲಿ ನೋಡಿದ್ರೆ ಎಲ್ಲಾ ಕಡೆ ಇಳೀಬಹುದು ಅನ್ನಿಸ್ತದೆ. ಆದ್ರೆ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಒಂದೇ ಸಲ ಕೆಳಗೆ ಬೀಳ್ತದೆ, ಬೇಡ್ತಿ (ಗಂಗಾವಳಿಗೆ ಘಟ್ಟದ ಮೇಲಿನ ಹೆಸರು) ಮಾಗೋಡಲ್ಲಿ ಬೀಳ್ತದೆ, ಶರಾವತಿ ಜೋಗದಲ್ಲಿ 253 ಮೀಟರ್. ಅಬ್ಬಿಯ ಕೆಳಗೆ ಕೊರಕಲು, ಎರಡೂ ಕಡೆ ಗೋಡೆ ಹಾಗೆ ಗುಡ್ಡ, ಮಧ್ಯದಲ್ಲಿ ಏನಾದ್ರೂ ಆದ್ರೆ ಮೇಲೆ ಹತ್ತಿ ರಸ್ತೆ ಮುಟ್ಲಿಕ್ಕೆ ದಾರಿ ಇಲ್ಲ. ಅಘನಾಶಿನಿಗೆ ದೊಡ್ಡ ಡ್ಯಾಮ್ ಒಂದೂ ಇಲ್ಲ, ಅದು ಹಾಗೇ ಇರ್ಲಿ ಅಂತ ನನ್ನ ಆಸೆ ಕೂಡ, ಆದ್ರೆ ಡ್ಯಾಮ್ ಇಲ್ಲ ಅಂದ್ರೆ ಮಳೆಗಾಲದಲ್ಲಿ ಮೈತುಂಬ ಕೆಂಪು ನೀರು, ಮಾರ್ಚಿಗೆ ಕಲ್ಲಿನ ಮಧ್ಯ ಸಣ್ಣ ಹರಿವು. ಇಳೀಬಹುದಾದ ದಿನಗಳೇ ಕಡಿಮೆ. ಹೊಸಬರಿಗೆ, ನಾಲ್ಕೈದು ಸಲ ಮಾತ್ರ ಬಿಳಿ ನೀರು ನೋಡಿದವರಿಗೆ, ನಮ್ಮ ಕಡೆ ಉಳಿಯೋದು ಒಂದೇ, ಸೂಪಾ ಡ್ಯಾಮಿನ ಕೆಳಗೆ ಗಣೇಶಗುಡಿ ಹತ್ತಿರದ ಕಾಳಿ. ಅಲ್ಲಿ ಉದ್ದ ರಾಫ್ಟಿಂಗ್ ಮಾಡಿಸೋ ಭಾಗ ಸುಮಾರು ಒಂಬತ್ತು ಹತ್ತು ಕಿಲೋಮೀಟರ್, ಕಲ್ಲಿನ ಮಧ್ಯ ನೀರು ಜೋರಾಗಿ ನುಗ್ಗೋ ಜಾಗಗಳು, ಅಂದ್ರೆ ರ‍್ಯಾಪಿಡ್‌ಗಳು ಹೆಚ್ಚಿನವು ಗ್ರೇಡ್ 2, ಗ್ರೇಡ್ 3.

ಗ್ರೇಡ್ ಅಂದ್ರೆ 1ರಿಂದ 6ರ ತನಕ ಇರೋ ಲೆಕ್ಕ. 1 ಅಂದ್ರೆ ಸ್ವಲ್ಪ ಅಲೆ ಇರೋ ಹರಿಯೋ ನೀರು, 2 ಅಂದ್ರೆ ದಾರಿ ಕಣ್ಣಿಗೆ ಸ್ಪಷ್ಟ ಕಾಣ್ತದೆ, 3 ಅಂದ್ರೆ ಅಲೆ ಎದೆ ಮಟ್ಟ ಬರಬಹುದು, ತಿರುಗಿಸಲಿಕ್ಕೆ ಬರಬೇಕು, 4ಕ್ಕೆ ಹೋದ್ರೆ ಕೆಲವೊಮ್ಮೆ ದಡಕ್ಕೆ ಹೋಗಿ ನೋಡದೆ ಇಳಿಯೋ ಹಾಗೇ ಇಲ್ಲ, 5 ವರ್ಷಗಟ್ಟಲೆ ಅಭ್ಯಾಸ ಇದ್ದವ್ರದ್ದು, 6 ಅಂದ್ರೆ ಜೀವ ಪಣಕ್ಕಿಟ್ಟ ಹಾಗೆ. ಈ ನಂಬರ್ ಹೊಳೆಗೆ ಅಂಟಿಸಿದ ಬೋರ್ಡ್ ಅಲ್ಲ ಅನ್ನೋದು ನೆನಪಿರ್ಲಿ. ನೀರು ಹೆಚ್ಚಾದ್ರೆ ನಿನ್ನೆಯ 2 ಇವತ್ತಿನ 3 ಆಗ್ತದೆ, ದಡದಿಂದ ಆಸ್ಪತ್ರೆ ದೂರ ಇದ್ರೆ ಅದಕ್ಕೆ ಮನಸ್ಸಲ್ಲೇ ಇನ್ನೊಂದು ಕೂಡಿಸ್ಕೊಳ್ಳಬೇಕು.

ನೀರು ಯಾರ ಕೈಲಿದೆ

ಇದು ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ಉದ್ದ ಹೇಳ್ತೇನೆ. ಕಾಳಿ ಜೊಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರ್ತದೆ, ಅಷ್ಟು ಸಣ್ಣ ಹೊಳೆಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಉಪನದಿ ಮೇಲೆ ತಟ್ಟಿಹಳ್ಳ, ಇಷ್ಟು ಅಣೆಕಟ್ಟು. ಸೂಪಾ 101 ಮೀಟರ್ ಎತ್ತರ, ತುಂಬಿದಾಗ ಸಮುದ್ರಮಟ್ಟದಿಂದ 564 ಮೀಟರ್ ತನಕ ನೀರು ನಿಲ್ತದೆ. ಅದರ ಬುಡದಲ್ಲಿ ಕರೆಂಟ್ ಮಾಡೋ 50 ಮೆಗಾವ್ಯಾಟಿನ ಎರಡು ಯೂನಿಟ್. ಆ ಯೂನಿಟ್ ತಿರುಗಿಸಿ ಹೊರಗೆ ಬಂದ ನೀರೇ ಗಣೇಶಗುಡಿಯಲ್ಲಿ ನಮ್ಮ ರ‍್ಯಾಪಿಡ್ ಆಗೋದು, ಮುಂದೆ ಅದು ಬೊಮ್ಮನಹಳ್ಳಿ ಡ್ಯಾಮಲ್ಲಿ ನಿಲ್ತದೆ, ಅಲ್ಲಿಂದ ಸುರಂಗದಲ್ಲಿ ನಾಗಝರಿ ಪವರ್ ಹೌಸಿಗೆ.

ಅಂದ್ರೆ ಗಣೇಶಗುಡಿಯಲ್ಲಿ ಹೊಳೆ ಏರೋದು ಇಳಿಯೋದು ಮಳೆಯಿಂದಲ್ಲ, ಕರೆಂಟಿಂದ. ಯೂನಿಟ್ ನಡೀತಾ ಇದ್ರೆ ಹೊಳೆ ಇದೆ, ನಿಲ್ಲಿಸಿದ್ರೆ ಕಲ್ಲು. ಎರಡೂ ಯೂನಿಟ್ ನಡೆದ್ರೆ ಒಂದು ಹೊಳೆ, ಒಂದೇ ನಡೆದ್ರೆ ಬೇರೆಯೇ ಹೊಳೆ. ಆಕಾಶ ಸ್ವಚ್ಛ ಇದೆ, ಮೂರು ವಾರದಿಂದ ಒಂದು ಹನಿ ಮಳೆ ಇಲ್ಲ, ಆದ್ರೂ ನೀವು ಊಟಕ್ಕೆ ಕೂತ ಬಂಡೆ ಅರ್ಧ ತಾಸಲ್ಲಿ ಮುಳುಗಬಹುದು. ಮಳೆಯ ಹೊಳೆ ನೋಡಿ ಬೆಳೆದ ನಮ್ಮಂಥವರಿಗೆ ಇದು ತಲೆಗೆ ಹೋಗ್ಲಿಕ್ಕೆ ಟೈಮ್ ಬೇಕು, ಯಾಕಂದ್ರೆ ಮನೆ ಹತ್ರದ ಹಳ್ಳ ಮೇಲೆ ಮೋಡ ಕಟ್ಟಿದ್ರೆ ಮಾತ್ರ ಹೆದರಿಸ್ತದೆ, ಇದು ಹಾಗಲ್ಲ.

ಹಾಗಾಗಿ ಮೊದಲ ಫೋನ್ ಹೋಮ್‌ಸ್ಟೇಗೆ ಅಲ್ಲ. ಗಣೇಶಗುಡಿಯಲ್ಲಿ ಲೈಸೆನ್ಸ್ ಇಟ್ಕೊಂಡು ರಾಫ್ಟಿಂಗ್ ನಡೆಸೋವ್ರಿಗೆ ಮಾಡಿ. ಈ ವಾರ ನೀರು ಬಿಡ್ತಾ ಇದ್ದಾರಾ, ದಿನಾ ಯಾವ ಹೊತ್ತಿಗೆ ಬರ್ತಾ ಇದೆ, ಎಷ್ಟು ತಾಸು ಇರ್ತದೆ, ಒಂದು ಯೂನಿಟ್ಟಾ ಎರಡಾ, ಈ ನಾಲ್ಕು ಪ್ರಶ್ನೆ ಕೇಳಿ. ಅವರ ದಿನದ ದುಡಿಮೆಯೇ ಆ ನೀರಿನ ಮೇಲೆ ನಿಂತಿರೋದ್ರಿಂದ ಅವ್ರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರೋದಿಲ್ಲ. ಹೊರಡೋ ಹಿಂದಿನ ದಿನ ಸಂಜೆ ಇನ್ನೊಂದು ಸಲ ಕೇಳಿ, ಬೆಳಿಗ್ಗೆ ನೀರಿಗೆ ಇಳಿಯೋ ಮೊದಲು ಮತ್ತೊಂದು ಸಲ. ಮೂರೂ ಸಲ ಉತ್ತರ ಬೇರೆ ಬೇರೆ ಬಂದ್ರೂ ಬೇಜಾರು ಮಾಡ್ಕೊಳ್ಳಬೇಡಿ, ಕರೆಂಟಿನ ಬೇಡಿಕೆ ಹೆಚ್ಚು ಕಡಿಮೆ ಆದ ಹಾಗೆ ಅದು ಬದಲಾಗ್ತದೆ. ಕ್ಯೂಸೆಕ್ಸ್ ಲೆಕ್ಕದಲ್ಲಿ, ಅಂದ್ರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅಂತ ಹೇಳಿದ್ರೆ ಬರೆದಿಟ್ಕೊಳ್ಳಿ (ಕ್ಯುಮೆಕ್ಸಲ್ಲಿ, ಅಂದ್ರೆ ಘನ ಮೀಟರಲ್ಲಿ ಹೇಳಿದ್ರೆ 35ರಿಂದ ಗುಣಿಸಿ), ಮುಂದಿನ ಸಲ ಹೋದಾಗ ಇಷ್ಟು ಅಂದ್ರೆ ಹೊಳೆ ಹೀಗಿತ್ತು ಅಂತ ನಿಮ್ಮದೇ ಲೆಕ್ಕ ಆಗ್ತದೆ.

ಇದನ್ನ ನಾನು ಕಲಿತದ್ದು ಕಷ್ಟದಲ್ಲಿ. ಒಂದು ನವೆಂಬರಲ್ಲಿ ನಾವು ನಾಲ್ಕು ಜನ ನಾಲ್ಕು ಕಯಾಕಲ್ಲಿ ಅಲ್ಲಿನ ರಾಫ್ಟ್‌ಗಳ ಹಿಂದೆ ಇಳಿದ್ವಿ. ಹಿಂದೆ ಹಿಂದೇ ಇರಿ, ನಿಲ್ಲಬೇಡಿ ಅಂತ ಗೈಡ್ ಹೇಳಿದ್ದ. ಅರ್ಧ ದಾರಿಯಲ್ಲಿ ಒಂದು ಚಂದದ ಮಡು ಸಿಕ್ತು, ಆ ಕಡೆ ದಡದಲ್ಲಿ ಮಂಗಟ್ಟೆ ಹಕ್ಕಿ ಜೋಡಿ ಕೂತಿತ್ತು, ಬುತ್ತಿ ಬಿಚ್ಚಿದ್ವಿ, ಒಂದು ತಾಸು ಹೋಗಿದ್ದು ಗೊತ್ತಾಗಲಿಲ್ಲ. ರಾಫ್ಟ್‌ಗಳು ಮುಂದೆ ಹೋಗಿ ಆಗಿತ್ತು. ಎದ್ದು ನೋಡ್ತೇವೆ, ಬಂಡೆಗಳ ಸುತ್ತ ಒಂದು ಗೇಣು ಒದ್ದೆ ಪಟ್ಟಿ, ಅದರ ಕೆಳಗೆ ನೀರು. ಮೇಲೆ ಯೂನಿಟ್ ನಿಲ್ಲಿಸಿದ್ರು. ಬಿಟ್ಟ ನೀರಿಗೂ ತಲೆ ಬಾಲ ಇರ್ತದೆ, ನಾವು ಬಾಲಕ್ಕಿಂತ ಹಿಂದೆ ಉಳಿದ್ವಿ. ಮುಂದಿನ ಎರಡು ರ‍್ಯಾಪಿಡ್‌ಗಳು ರ‍್ಯಾಪಿಡ್ ಆಗಿರಲೇ ಇಲ್ಲ, ಪಾಚಿ ಹಿಡಿದ ಕಲ್ಲಿನ ಮೇಲೆ ಕಯಾಕ್ ಎಳ್ಕೊಂಡು ಹೊತ್ಕೊಂಡು ಹೋಗಿದ್ದು, ಒಬ್ಬನ ಕಾಲು ಉಳುಕಿತು, ಅವನ ಬೋಟನ್ನೂ ನಾವೇ ಹೊತ್ತು, ದಡ ಹತ್ತುವಾಗ ಪೂರ್ತಿ ಕತ್ತಲೆ. ಸುತ್ತ ಹುಲಿ ಸಂರಕ್ಷಿತ ಪ್ರದೇಶ, ಕರಡಿ ಕಾಡೆಮ್ಮೆ ಓಡಾಡೋ ಜಾಗ, ನಮ್ಮ ಹತ್ರ ಒಂದೇ ಟಾರ್ಚ್. ಆ ರಾತ್ರಿ ನಂಗೆ ಆದ ಹೆದರಿಕೆ ಯಾವ ರ‍್ಯಾಪಿಡಲ್ಲೂ ಆಗಿಲ್ಲ.

ಅವತ್ತಿಂದ ಎರಡು ಅಭ್ಯಾಸ ಇಟ್ಕೊಂಡಿದ್ದೇನೆ. ಎಲ್ಲೇ ನಿಂತ್ರೂ ಮೊದಲು ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚೋದು, ಹತ್ತು ನಿಮಿಷಕ್ಕೊಮ್ಮೆ ಅದನ್ನ ನೋಡೋದು. ಕಡ್ಡಿ ಒಣಗಿದ ಕಡೆ ಉಳಿದ್ರೆ ನೀರು ಇಳೀತಾ ಇದೆ, ಕೂಡ್ಲೇ ಹೊರಡಬೇಕು. ಕಡ್ಡಿ ನೀರಲ್ಲಿ ನಿಂತ್ರೆ ಏರ್ತಾ ಇದೆ, ಆಗ ಸಾಮಾನೆಲ್ಲ ಮೇಲೆ ಎತ್ತಿ, ಕಯಾಕ್ ಮರಕ್ಕೆ ಕಟ್ಟಿ, ಎಷ್ಟು ಏರ್ತದೆ ನೋಡಿ ಆಮೇಲೆ ತೀರ್ಮಾನ. ಕಡ್ಡಿ ನೋಡೋದಕ್ಕಿಂತ ಮೊದಲೇ ಹೊಳೆ ಕೂಡ ಹೇಳ್ತದೆ, ಬಂಡೆ ಮೇಲೆ ಒದ್ದೆ ಗುರುತು ಇದ್ರೆ ಇಳಿಕೆ, ತರಗೆಲೆ ಕಸಕಡ್ಡಿ ನೊರೆ ಒಟ್ಟೊಟ್ಟಿಗೆ ತೇಲಿ ಬರ್ಲಿಕ್ಕೆ ಶುರು ಆಯ್ತು ಅಂದ್ರೆ ಏರಿಕೆ, ದಡದಲ್ಲಿ ಬಿದ್ದಿದ್ದನ್ನ ಹೊಳೆ ಎತ್ಕೊಂಡು ಬರ್ತಾ ಇದೆ ಅಂತ ಅರ್ಥ.

ಮಳೆಗಾಲದಲ್ಲಿ ರಾಫ್ಟಿಂಗ್ ಬಂದ್ ಇರ್ತದೆ, ಸಾಮಾನ್ಯ ಅಕ್ಟೋಬರಿಂದ ಮೇ ತನಕ ಸೀಸನ್. ಮಳೆಗಾಲದಲ್ಲಿ ಯಾರೋ ಒಬ್ರು ಗುಟ್ಟಾಗಿ ಕರ್ಕೊಂಡು ಹೋಗ್ತೇನೆ ಅಂದ್ರೆ ಹೋಗಬೇಡಿ. ಡ್ಯಾಮ್ ತುಂಬಿದಾಗ ಗೇಟ್ ತೆಗೀತಾರೆ, 2019ರ ಆಗಸ್ಟಲ್ಲಿ ಕದ್ರಾ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನ ಕಾರವಾರದವರು ಮರೆತಿಲ್ಲ.

ಹತ್ತೋ ಜಾಗ ಮೊದಲು, ಇಳಿಯೋ ಜಾಗ ಆಮೇಲೆ

ಎಲ್ಲರೂ ಎಲ್ಲಿ ಇಳಿಯೋದು ಅಂತ ಕೇಳ್ತಾರೆ. ಎಲ್ಲಿ ದಡ ಹತ್ತೋದು ಅಂತ ಮೊದಲು ಕೇಳಿ. ಇಲ್ಲಿ ಅದಕ್ಕೆ ಇನ್ನೂ ಒಂದು ಕಾರಣ ಇದೆ, ಹತ್ತೋ ಜಾಗ ತಪ್ಪಿಸಿಕೊಂಡು ಮುಂದೆ ಹೋದ್ರೆ ಹೊಳೆ ನಿಧಾನ ಆಗ್ತಾ ಆಗ್ತಾ ಬೊಮ್ಮನಹಳ್ಳಿ ಹಿನ್ನೀರು. ನಿಂತ ನೀರಲ್ಲಿ ಗಾಳಿಗೆ ಎದುರು ಹುಟ್ಟು ಹಾಕೋದು ಅಂದ್ರೆ ಕೈ ಬಿದ್ದುಹೋಗ್ತದೆ, ದಡದಲ್ಲಿ ಕಾಡು, ರಸ್ತೆ ಎಲ್ಲಿ ಅಂತ ಕಾಣೋದಿಲ್ಲ. ಹಾಗಾಗಿ ಮೊದಲ ದಿನ ಬೋಟ್ ಇಳಿಸೋ ಮೊದಲು ಎಲ್ಲರೂ ಒಟ್ಟಿಗೆ ಗಾಡಿಯಲ್ಲಿ ಹತ್ತೋ ಜಾಗಕ್ಕೆ ಹೋಗಿ, ನೀರಿನ ಹತ್ತಿರ ತನಕ ಇಳಿದು, ತಿರುಗಿ ಮೇಲ್ಗಡೆ ನೋಡಿ, ಹೊಳೆಯಿಂದ ಬರುವಾಗ ಇದು ಹೇಗೆ ಕಾಣ್ತದೆ ಅಂತ. ಒಂದು ಗುರುತು ಇಟ್ಕೊಳ್ಳಿ, ವಾಲಿದ ಮರ, ಬಣ್ಣದ ಬಟ್ಟೆ ಕಟ್ಟಿದ ಕೊಂಬೆ, ಏನಾದ್ರೂ. ದಡದಿಂದ ನೋಡಿದ ಜಾಗ ನೀರಿಂದ ನೋಡಿದ್ರೆ ಗುರುತೇ ಸಿಗೋದಿಲ್ಲ.

ಗಾಡಿ ಎರಡು ಇದ್ರೆ ಒಂದನ್ನ ಅಲ್ಲೇ ಬಿಟ್ಟು ಬನ್ನಿ. ಕೆಳಗಿನ ಗಾಡಿಯ ಕೀ ನೀರಿಗೆ ಇಳಿಯೋವ್ರಲ್ಲಿ ಇಬ್ಬರ ಹತ್ರ ಬೇರೆ ಬೇರೆ ಇರ್ಲಿ, ಒಂದು ಡ್ರೈ ಬ್ಯಾಗಲ್ಲಿ, ಡೂಪ್ಲಿಕೇಟ್ ಇನ್ನೊಬ್ಬರ ಲೈಫ್ ಜಾಕೆಟ್ ಕಿಸೆಯಲ್ಲಿ ಝಿಪ್ ಹಾಕಿ. ಒಣ ಬಟ್ಟೆ, ಟವೆಲ್, ಕುಡಿಯೋ ನೀರು ಕೂಡ ಕೆಳಗಿನ ಗಾಡಿಯಲ್ಲೇ.

ದಾರಿ ಹೇಳೋದಾದ್ರೆ ಕಾರವಾರದಿಂದ ಕದ್ರಾ, ಅಣಶಿ ಘಟ್ಟ, ಕುಂಬಾರವಾಡಾ, ಜೊಯಿಡಾ, ಹಾಗೆ ಗಣೇಶಗುಡಿ. ಮಳೆಗಾಲ ಮುಗಿದ ಹೊಸತರಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಇರಬಹುದು, ಕೇಳಿ ಹೊರಡಿ. ಶಿರಸಿಯಿಂದ ಬರೋರು ಯಲ್ಲಾಪುರ, ದಾಂಡೇಲಿ ಮೇಲೆ. ಕಯಾಕ್ ಮೇಲೆ ಕಟ್ಟಿದ್ರೆ ಘಟ್ಟದ ತಿರುವಲ್ಲಿ ಹಗ್ಗ ಸಡಿಲ ಆಗ್ತದೆ, ಮುಂದೆ ಹಿಂದೆ ಎರಡೂ ಕಡೆ ಬಿಗಿದು, ಯಲ್ಲಾಪುರದಲ್ಲೋ ಕುಂಬಾರವಾಡಾದಲ್ಲೋ ಚಾ ಕುಡೀಲಿಕ್ಕೆ ನಿಂತಾಗ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ.

ಜೊಯಿಡಾ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಹೊಳೆ ಮತ್ತು ರಸ್ತೆ ಹತ್ತಿರ ಬರೋ ಜಾಗ ಎಲ್ಲೆಲ್ಲಿ ಅಂತ ಕಾಗದದ ಮೇಲೆ ಗೆರೆ ಎಳೆದು ಇಟ್ಕೊಳ್ಳಿ, ಮಧ್ಯದಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಅಲ್ಲಿಂದಲೇ ಹೊರಗೆ ತರಬೇಕು. ಚಿಕ್ಕ ಗಾಯಕ್ಕೆ ದಾಂಡೇಲಿ, ದೊಡ್ಡದಾದ್ರೆ ಧಾರವಾಡ ಹುಬ್ಬಳ್ಳಿ ತನಕ ಹೋಗ್ಬೇಕು, ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೇಳ್ತಾ ಇದ್ದೇವೆ ಅನ್ನೋದು ಎಲ್ರಿಗೂ ಗೊತ್ತು. ಆ ದೂರವನ್ನ ಲೆಕ್ಕ ಹಾಕಿಯೇ ಯಾವ ರ‍್ಯಾಪಿಡ್ ಇಳಿಯೋದು ಯಾವುದನ್ನ ದಡದಲ್ಲಿ ನಡೆದು ದಾಟೋದು ಅಂತ ತೀರ್ಮಾನ ಮಾಡಿ. 108, 112 ಎರಡೂ ನೆನಪಿರ್ಲಿ, ಆದ್ರೆ ಸಿಗ್ನಲ್ ಸಿಗೋ ಜಾಗಕ್ಕೆ ಒಬ್ಬರು ಓಡಬೇಕಾಗ್ತದೆ ಅನ್ನೋದೂ ನೆನಪಿರ್ಲಿ.

ಅನುಮತಿ ವಿಷಯ ಸಣ್ಣದಲ್ಲ. ಅಣಶಿ-ದಾಂಡೇಲಿ ಅಂತ ಇದ್ದದ್ದು 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಹೊಳೆ ದಡ ಸಿಕ್ಕಿದ ಕಡೆ ಎಲ್ಲಾ ಟೆಂಟ್ ಹಾಕಿ ಬೆಂಕಿ ಹಚ್ಚೋ ಜಾಗ ಇದಲ್ಲ. ಅರಣ್ಯ ಇಲಾಖೆಯವರನ್ನ ಕೇಳಿ, ಜಲಸಾಹಸಕ್ಕೆ ಜಿಲ್ಲಾಡಳಿತ ಆ ಸೀಸನ್‌ಗೆ ಏನು ಆದೇಶ ಮಾಡಿದೆ ಅಂತ ಕೇಳಿ, ಸ್ವಂತ ಕಯಾಕ್ ತರೋದಾದ್ರೆ ಅದನ್ನೂ ಮೊದಲೇ ಹೇಳಿ.

ಮೊಸಳೆ ಬಗ್ಗೆ ಎಲ್ರೂ ಕೇಳ್ತಾರೆ. ಇದೆ. ದಾಂಡೇಲಿ ಊರಿನ ಹತ್ರದ ನಿಧಾನ ನೀರಲ್ಲಿ ಬಹಳ ಇದೆ, ಜನರನ್ನ ಎಳೆದ ಪ್ರಕರಣಗಳೂ ಆಗಿವೆ. ಆ ಭಾಗದಲ್ಲಿ ಕಯಾಕ್ ಇಳಿಸೋದು, ದಡದಲ್ಲಿ ಕಾಲು ಇಳಿಬಿಟ್ಟು ಕೂರೋದು ಎರಡೂ ಬೇಡ. ಮೇಲಿನ ಭಾಗದಲ್ಲೂ ಮಡು ಸಿಕ್ಕಿತು ಅಂತ ಈಜಲಿಕ್ಕೆ ಹಾರೋ ಮೊದಲು ಗೈಡನ್ನ ಕೇಳಿ.

ಯಾರ ಜೊತೆ ಹೋಗೋದು

ಮೂರು ಬೋಟಿಗಿಂತ ಕಡಿಮೆ ಬೇಡ. ಒಬ್ಬ ನೀರಿಗೆ ಬಿದ್ರೆ ಒಬ್ಬ ಅವನನ್ನ ನೋಡ್ಕೋಬೇಕು, ಇನ್ನೊಬ್ಬ ಸಹಾಯ ತರ್ಲಿಕ್ಕೆ ಹೋಗಬೇಕು. ಎಲ್ಲರಿಗಿಂತ ಅನುಭವ ಇರೋವ್ರು ಮುಂದೆ, ಅವರ ನಂತರದವ್ರು ಕೊನೆಗೆ, ಹೊಸಬರು ಮಧ್ಯದಲ್ಲಿ. ಕೊನೆಯವ್ರನ್ನ ದಾಟಿ ಯಾರೂ ಹಿಂದೆ ಉಳಿಯೋ ಹಾಗಿಲ್ಲ, ಮುಂದಿನವ್ರನ್ನ ದಾಟಿ ಯಾರೂ ಮುಂದೆ ಹೋಗೋ ಹಾಗಿಲ್ಲ. ಎಷ್ಟೇ ಸ್ನೇಹ ಇದ್ರೂ ಇಲ್ಲಿ ಸಡಿಲ ಬಿಡಬೇಡಿ.

ಕರಾವಳಿಯ ಹುಡುಗರ ಒಂದು ಮಾತು ಕೇಳಿ ಕೇಳಿ ನಂಗೆ ಹೆದರಿಕೆ, ನಮಗೆ ಈಜು ಬರ್ತದೆ ಅಣ್ಣಾ, ಸಮುದ್ರದಲ್ಲೇ ಆಡಿ ಬೆಳೆದವರು ಅಂತ. ಬರ್ತದೆ, ಒಪ್ತೇನೆ. ಆದ್ರೆ ಬಿಳಿ ನೀರು ಬಿಳಿ ಯಾಕೆ ಅಂದ್ರೆ ಅದರಲ್ಲಿ ಗಾಳಿ ತುಂಬಿರ್ತದೆ, ಗಾಳಿ ತುಂಬಿದ ನೀರು ಮೈಯನ್ನ ಅಷ್ಟು ಎತ್ತೋದಿಲ್ಲ, ಸಮುದ್ರದ ಉಪ್ಪು ನೀರಲ್ಲಿ ತೇಲಿದ ಹಾಗೆ ಇಲ್ಲಿ ತೇಲೋದಿಲ್ಲ. ಅದಕ್ಕಿಂತ ಮುಖ್ಯ, ಸಮುದ್ರದ ಅಲೆ ಒಮ್ಮೆ ಹೊಡೆದು ಹೋಗ್ತದೆ, ಹೊಳೆ ಬಿಡೋದಿಲ್ಲ, ಒತ್ತಿದ ಕಡೆ ಒತ್ತುತ್ತಲೇ ಇರ್ತದೆ. ನೀರಿನ ವೇಗ ಎರಡು ಪಟ್ಟು ಆದ್ರೆ ಅದು ಒತ್ತೋ ಬಲ ನಾಲ್ಕು ಪಟ್ಟು.

ಹಾಗಾಗಿ ಟ್ರಿಪ್ಪಿಗೆ ಒಂದೆರಡು ತಿಂಗಳು ಮೊದಲು ನಿಂತ ನೀರಲ್ಲಿ ಅಭ್ಯಾಸ ಶುರು ಮಾಡಿ. ಕಾರವಾರದವರಿಗೆ ಕಾಳಿ ಅಳಿವೆ ಇದೆ, ಕುಮಟಾದವರಿಗೆ ಅಘನಾಶಿನಿ ಹಿನ್ನೀರು, ಹೊನ್ನಾವರದವರಿಗೆ ಶರಾವತಿ. ಅಲ್ಲಿ ಭರತ ಇಳಿತ ನೋಡ್ಕೊಂಡು ಇಳೀಬೇಕು, ಇಳಿತ ಶುರುವಾದ ಮೇಲೆ ಅಳಿವೆ ಬಾಯಿ ಕಡೆ ಹೋದ್ರೆ ವಾಪಸ್ ಬರೋದು ಕಷ್ಟ. ನಾನು ಕಲಿಯುವಾಗ ಒಬ್ಬ ಹಿರಿಯ ಅಂಬಿಗರು ಪಾತಿ ದೋಣಿಯಲ್ಲಿ ಪಕ್ಕ ಬಂದು, ತಮ್ಮಾ, ನೀರಿನ ಜೊತೆ ಜಗಳ ಮಾಡ್ಬೇಡ, ಓರೆ ಹಿಡಿದು ದಾಟು ಅಂದಿದ್ರು. ಬಿಳಿ ನೀರಲ್ಲಿ ಫೆರ‍್ರಿ ಅಂತ ಕಲಿಸೋದು ಅದನ್ನೇ, ಬೋಟಿನ ಮೂತಿಯನ್ನ ಹರಿವಿಗೆ ಎದುರು ಸ್ವಲ್ಪ ಓರೆ ಇಟ್ಟು ಹುಟ್ಟು ಹಾಕಿದ್ರೆ ಕೆಳಗೆ ಕೊಚ್ಚಿ ಹೋಗದೆ ಈ ದಡದಿಂದ ಆ ದಡಕ್ಕೆ ಹೋಗ್ತೀರಿ. ನಂಗೆ ಆಮೇಲೆ ತರಬೇತಿಯಲ್ಲಿ ಹೇಳಿಕೊಟ್ಟಾಗ ಮೊದಲು ನೆನಪಾಗಿದ್ದು ಅವರ ಮಾತು.

ಅಲ್ಲೇ ಮಾಡಿ ಕಲೀಬೇಕಾದ ಇನ್ನೊಂದು, ಬೋಟ್ ಮಗುಚಿದಾಗ ಹೊರಗೆ ಬರೋದು. ಕೂರೋ ಬಾಯಿಗೆ ಸ್ಕರ್ಟ್ ಹಾಕೋ ಕಯಾಕಾದ್ರೆ ತಲೆಕೆಳಗಾಗಿ ನೀರಲ್ಲಿ ಇದ್ದಾಗ ಮುಂದಿನ ಪಟ್ಟಿ ಹುಡುಕಿ ಎಳೆದು ಜಾರಿ ಹೊರಗೆ ಬರಬೇಕು. ಕಣ್ಣು ಮುಚ್ಚಿ ಹತ್ತು ಸಲ ಗಾಬರಿ ಇಲ್ಲದೆ ಮಾಡ್ಲಿಕ್ಕೆ ಬರೋ ತನಕ ಹೊಳೆಗೆ ಬರಬೇಡಿ. ರೋಲ್, ಅಂದ್ರೆ ಹೊರಗೆ ಬರದೆ ಕೂತಲ್ಲಿಂದಲೇ ಮಗುಚಿದ ಬೋಟನ್ನ ಸರಿ ಮಾಡೋದು, ಆಮೇಲೆ ಕಲೀಬಹುದು. ಇದ್ಯಾವುದೂ ಇನ್ನೂ ಬರೋದಿಲ್ಲ ಅಂದ್ರೆ ಮೊದಲ ಸಲ ರಾಫ್ಟಲ್ಲಿ ಹೋಗಿ, ನಾಚಿಕೆ ಎಂತದೂ ಇಲ್ಲ, ಹೊಳೆ ಪರಿಚಯ ಆಗ್ತದೆ. ಆದ್ರೆ ರಾಫ್ಟಿಗೆ ಅದರ ಲೆಕ್ಕಕ್ಕಿಂತ ಹೆಚ್ಚು ಜನ ಹತ್ತಿಸಿದ್ರೆ ದುಡ್ಡು ಹೋದ್ರೂ ಹೋಗ್ಲಿ, ಇಳಿದುಬಿಡಿ. ಹೆಲ್ಮೆಟ್ ಎಲ್ಲರಿಗೂ ಇದ್ಯಾ, ಗೈಡ್ ಹತ್ರ ಎಸೆಯೋ ಹಗ್ಗ ಇದ್ಯಾ, ಜೊತೆಗೆ ರಕ್ಷಣೆಗೆ ಒಂದು ಕಯಾಕ್ ಬರ್ತದಾ, ಇಳಿಯೋ ಮೊದಲು ದಡದಲ್ಲಿ ಸೂಚನೆ ಹೇಳಿಕೊಡ್ತಾರಾ ನೋಡಿ. ಹುಟ್ಟಿನ ತುದಿಯ ಹಿಡಿ ಮೇಲಿಂದ ಕೈ ತೆಗೀಬೇಡಿ, ರಾಫ್ಟಲ್ಲಿ ಪಕ್ಕದವರ ಹಲ್ಲು ಮುರಿಯೋದು ಹೆಚ್ಚಾಗಿ ಅದರಿಂದಲೇ.

ಸಾಮಾನು

ಲೈಫ್ ಜಾಕೆಟಿಗೆ ಖರ್ಚು ಮಾಡಿ, ಬೇರೆ ಎಲ್ಲದರಲ್ಲಿ ಉಳಿಸಿ. ಹಾಕ್ಕೊಂಡು ಎಲ್ಲಾ ಪಟ್ಟಿ ಬಿಗಿದು, ಹಿಂದಿನಿಂದ ಒಬ್ರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿಕ್ಕೆ ಹೇಳಿ, ಜಾಕೆಟ್ ಗಲ್ಲ ದಾಟಿ ಕಿವಿ ತನಕ ಬಂದ್ರೆ ಅದು ನಿಮ್ಮ ಅಳತೆ ಅಲ್ಲ. ಬಾಡಿಗೆಯದ್ದಾದ್ರೆ ಬಕಲ್ ಒಂದೊಂದೂ ಹಾಕಿ ತೆಗೆದು ನೋಡಿ, ಒಳಗಿನ ಫೋಮ್ ಹಿಟ್ಟಿಟ್ಟಾಗಿದ್ರೆ ಬೇರೆ ಕೇಳಿ. ಹೆಲ್ಮೆಟ್ ಬೈಕಿನದ್ದಲ್ಲ, ನೀರಿನದ್ದೇ, ನೀರು ಒಳಗೆ ನಿಲ್ಲದ ಹಾಗೆ ತೂತು ಇರೋದು. ಕಾಲಿಗೆ ಬೆರಳು ಮುಚ್ಚೋ, ಲೇಸ್ ಅಥವಾ ಪಟ್ಟಿ ಇರೋ ಶೂ, ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗ್ತದೆ, ಆಮೇಲೆ ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಡೆಯೋದು ನರಕ. ಎಸೆಯೋ ಹಗ್ಗದ ಚೀಲ 15ರಿಂದ 20 ಮೀಟರಿನದ್ದು ಗುಂಪಿಗೆ ಕನಿಷ್ಠ ಎರಡು, ಸೀಟಿ ಒಬ್ಬೊಬ್ಬರಿಗೆ ಒಂದೊಂದು, ಹಗ್ಗ ಇಟ್ಕೊಂಡವ್ರ ಹತ್ರ ಚಾಕು ಇರಲೇಬೇಕು, ಹಗ್ಗ ಮೈಗೆ ಸುತ್ತಿದಾಗ ಕೊಯ್ಯಲಿಕ್ಕೆ. ಉಂಗುರ, ಸರ, ಉದ್ದ ದುಪಟ್ಟಾ ಎಲ್ಲಾ ರೂಮಲ್ಲಿ. ಕನ್ನಡಕಕ್ಕೆ ಹಿಂದಿನಿಂದ ದಾರ. ಹೆಡ್‌ಲೈಟ್ ಟಾರ್ಚ್ ಒಬ್ಬರಿಗೊಂದು, ಯಾಕೆ ಅಂತ ಮೇಲೆ ಹೇಳಿದ್ದೇನೆ. ಡ್ಯಾಮಿಂದ ಬರೋ ನೀರು ಬೆಳಿಗ್ಗೆ ತಣ್ಣಗೆ ಕೊರೀತದೆ, ಹತ್ತಿ ಬಟ್ಟೆ ಒಣಗೋದಿಲ್ಲ, ಜೆರ್ಸಿ ಬಟ್ಟೆಯ ಟೀ ಶರ್ಟ್ ಒಳ್ಳೇದು. ತಿನ್ನಲಿಕ್ಕೆ ಬಾಳೆಹಣ್ಣು, ಶೇಂಗಾ ಚಿಕ್ಕಿ, ಬೆಲ್ಲ ಹಾಕಿ ಕಲಸಿದ ಅವಲಕ್ಕಿ, ಇಷ್ಟು ಸಾಕು, ಹೊಟ್ಟೆ ಭಾರ ಮಾಡ್ಕೊಂಡು ಇಳೀಬೇಡಿ. ಕುಡಿದು ಇಳಿಯೋವ್ರನ್ನ ಗುಂಪಿಗೆ ಸೇರಿಸ್ಕೊಳ್ಳಲೇಬೇಡಿ, ಹಿಂದಿನ ರಾತ್ರಿ ಕುಡಿದದ್ದು ಇಳಿಯದೇ ಇದ್ರೂ ಹಾಗೇ.

ನೀರಲ್ಲಿ

ಮೊದಲು ಭಾಷೆ ಒಂದು ಮಾಡ್ಕೊಳ್ಳಿ. ಹೊಳೆಯ ಬಲ ಎಡ ಅಂದ್ರೆ ನೀರು ಹೋಗೋ ದಿಕ್ಕಿಗೆ ಮುಖ ಮಾಡಿದಾಗಿನ ಬಲ ಎಡ, ನೀವು ಹಿಂದೆ ತಿರುಗಿ ನಿಂತ್ರೂ ಅದೇ. ಹುಟ್ಟು ನೆಟ್ಟಗೆ ಮೇಲೆ ಎತ್ತಿದ್ರೆ ಬನ್ನಿ ಅಂತ, ತಲೆ ಮೇಲೆ ಅಡ್ಡ ಹಿಡಿದ್ರೆ ನಿಲ್ಲಿ ಅಂತ, ತಲೆ ತಟ್ಟಿ ತೋರಿಸಿದ್ರೆ ನಾನು ಸರಿ ಇದ್ದೇನೆ ಅಂತ. ಒಂದು ಸೀಟಿ ಇಲ್ಲಿ ನೋಡಿ, ಮೂರು ಸೀಟಿ ಅಪಾಯ. ರ‍್ಯಾಪಿಡ್ ಸದ್ದಲ್ಲಿ ಕೂಗಿದ್ದು ಕೇಳೋದಿಲ್ಲ.

ಹೊಳೆ ಓದೋದು ಹೀಗೆ. ನೀರು ‘ವಿ’ ಆಕಾರದಲ್ಲಿ ಕಾಣ್ತದೆ, ಚೂಪು ತುದಿ ಕೆಳಗಿನ ಕಡೆ ಇದ್ರೆ ಅದು ದಾರಿ, ಎರಡು ಕಲ್ಲಿನ ಮಧ್ಯ ನೀರು ನುಗ್ಗೋ ನಾಲಿಗೆ. ಚೂಪು ತುದಿ ನಿಮ್ಮ ಕಡೆ ತಿರುಗಿದ್ರೆ ಆ ತುದಿಯಲ್ಲಿ ಕಲ್ಲಿದೆ. ದೊಡ್ಡ ಬಂಡೆಯ ಹಿಂದೆ ನೀರು ಮೇಲ್ಮುಖ ತಿರುಗಿ ಶಾಂತ ಇರ್ತದೆ, ಅದಕ್ಕೆ ಎಡ್ಡಿ ಅಂತಾರೆ, ಅದೇ ನಿಮ್ಮ ಬಸ್‌ಸ್ಟಾಪ್. ಒಂದು ಎಡ್ಡಿಯಿಂದ ಮುಂದಿನ ಎಡ್ಡಿ ತನಕ ಮಾತ್ರ ಯೋಚನೆ ಮಾಡಿ, ಅದು ಕಂಡ ಮೇಲೆ ಹೊರಡಿ. ಮುಂದೆ ಹೊಳೆ ಒಮ್ಮೆಲೇ ಗೆರೆ ಎಳೆದ ಹಾಗೆ ಕಾಣೆಯಾಗಿ ಆ ಕಡೆ ಮರದ ತುದಿ ಮಾತ್ರ ಕಾಣ್ತಾ ಇದ್ರೆ ಅದು ಇಳಿಜಾರು, ದಡಕ್ಕೆ ಹೋಗಿ ನಡೆದು ನೋಡಿ. ನೋಡಿ ಮನಸ್ಸು ಒಪ್ಪದಿದ್ರೆ ಬೋಟ್ ಹೊತ್ಕೊಂಡು ದಾಟಿ. ಚೆಕ್‌ಡ್ಯಾಮ್ ತರದ ಅಡ್ಡ ಕಟ್ಟೆ ಎಷ್ಟೇ ಗಿಡ್ಡ ಇದ್ರೂ ಅದರ ಮೇಲಿಂದ ಇಳೀಬೇಡಿ, ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ ಸುತ್ತಿ ಬಿದ್ದವರನ್ನ ಹೊರಗೆ ಬಿಡೋದಿಲ್ಲ.

ಬಂಡೆಗೆ ಅಡ್ಡ ಹೊಡೆದ್ರೆ ಎಲ್ಲರೂ ಬಂಡೆಯಿಂದ ದೂರ ವಾಲ್ತಾರೆ, ಆಗಲೇ ಮಗುಚೋದು. ಬಂಡೆ ಕಡೆಗೇ ವಾಲಿ, ತಬ್ಬಿಕೊಳ್ಳೋ ಹಾಗೆ. ನೀರಿಗೆ ಬಿದ್ರೆ ಅಂಗಾತ ಮಲಗಿ, ಕಾಲು ಮುಂದೆ, ಬೆರಳು ನೀರಿನ ಮೇಲೆ ಕಾಣಬೇಕು, ದಾರಿ ಸಿಕ್ಕ ಕೂಡ್ಲೇ ತಿರುಗಿ ದಡಕ್ಕೆ ಜೋರಾಗಿ ಈಜಿ. ಮೊಣಕಾಲಿಗಿಂತ ಆಳದ ಹರಿಯೋ ನೀರಲ್ಲಿ ಎದ್ದು ನಿಲ್ಲೋ ಪ್ರಯತ್ನ ಮಾಡಬೇಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆಯೇ, ಯಾಕಂದ್ರೆ ಬಿದ್ದವ್ರಿಗೆ ಮೊದಲು ಬರೋ ಯೋಚನೆಯೇ ನಿಲ್ಲೋದು. ಕಾಲು ಎರಡು ಕಲ್ಲಿನ ಮಧ್ಯ ಸಿಕ್ಕಿತು ಅಂದ್ರೆ ಹೊಳೆ ಬೆನ್ನಿಗೆ ಒತ್ತಿ ಮುಖವನ್ನ ನೀರೊಳಗೆ ಹಾಕ್ತದೆ, ಸೊಂಟ ಮಟ್ಟದ ನೀರಲ್ಲೂ ಮುಳುಗಿ ಹೋಗ್ತಾರೆ.

ಇನ್ನೊಂದು ಬಿದ್ದ ಮರ. ಮಳೆಗಾಲ ಮುಗಿದ ಮೊದಲ ತಿಂಗಳಲ್ಲಿ ಇದು ಹೆಚ್ಚು. ಚಾ ಸೋಸುವಾಗ ಪುಡಿ ಹೇಗೆ ಸೋಸಣಿಗೆಯಲ್ಲಿ ನಿಲ್ತದೋ ಹಾಗೆ ನೀರು ಕೊಂಬೆ ಮಧ್ಯ ಹೋಗ್ತದೆ, ನೀವು ಅಲ್ಲೇ ನಿಲ್ತೀರಿ. ದೂರದಿಂದಲೇ ನೋಡಿ ಬೇರೆ ಬದಿಗೆ ದಾಟಿ. ತಪ್ಪಿಸ್ಲಿಕ್ಕೆ ಆಗದೇ ಹೋದ್ರೆ ಆಗ ಮಾತ್ರ ಕಾಲು ಮುಂದೆ ಅನ್ನೋ ನಿಯಮ ಬಿಟ್ಟು, ತಿರುಗಿ, ತಲೆ ಮುಂದೆ ಮಾಡಿ ಮರದ ಕಡೆ ಜೋರಾಗಿ ಈಜಿ ಕೈ ಊರಿ ಮೇಲೆ ಹತ್ತಬೇಕು. ನೀರು ಕುಡಿದು ಉಸಿರು ನಿಂತವರಿಗೆ ಬರೀ ಎದೆ ಒತ್ತಿದ್ರೆ ಸಾಲೋದಿಲ್ಲ, ಬಾಯಿಂದ ಉಸಿರೂ ಕೊಡಬೇಕು, ಗುಂಪಲ್ಲಿ ಇಬ್ಬರಾದ್ರೂ ಇದನ್ನ ತರಬೇತಿಯಲ್ಲಿ ಕಲಿತಿರಲಿ.

ದಡದ ವಿಷಯ ಒಂದು ಉಳಿದಿದೆ. ಡಿಸೆಂಬರ್ ನಂತರ ನಮ್ಮ ಜಿಲ್ಲೆಯ ಕಾಡಲ್ಲಿ, ಅದರಲ್ಲೂ ಸಿದ್ದಾಪುರ ಕಡೆ ಹೋಗೋರು, ಉಣುಗಿನ ಬಗ್ಗೆ ಜಾಗ್ರತೆ, ಮಂಗನ ಕಾಯಿಲೆ ಅದರಿಂದಲೇ ಬರೋದು. ತರಗೆಲೆ ಮೇಲೆ ಕೂರಬೇಡಿ, ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ಹಚ್ಚಿ, ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿ ಮೈ ನೋಡ್ಕೊಳ್ಳಿ, ಮುಂದಿನ ದಿನಗಳಲ್ಲಿ ಜ್ವರ ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಮತ್ತೆ ಮನೆಯಲ್ಲಿ ಒಂದು ಚೀಟಿ ಬಿಟ್ಟು ಹೋಗಿ. ಎಲ್ಲಿ ಇಳೀತೇವೆ, ಎಲ್ಲಿ ಹತ್ತುತ್ತೇವೆ, ಎಷ್ಟು ಜನ, ಗಾಡಿ ನಂಬರ್, ಜೊತೆಗಿರೋ ಗೈಡಿನ ಫೋನ್, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ರೆ ಯಾರಿಗೆ ಹೇಳಬೇಕು. ನನ್ನ ಆಯಿ ಅದನ್ನ ದೇವರ ಕೋಣೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಇಟ್ಕೊಳ್ತಾರೆ, ನಾನು ಫೋನ್ ಮಾಡಿದ ಮೇಲೇ ಅದನ್ನ ಹರಿಯೋದು.

ಈ ಸಲ ನಾವು ದೀಪಾವಳಿ ಕಳೆದ ಮೇಲಿನ ವಾರ ಹೋಗ್ತಾ ಇದ್ದೇವೆ, ಮಂಗಳವಾರ ಬುಧವಾರ, ಶನಿವಾರ ಭಾನುವಾರ ರಾಫ್ಟ್ ಗರ್ದಿ ಜಾಸ್ತಿ. ನೀರಿನ ಮೊದಲ ಫೋನ್ ಮಾಡಿ ಆಗಿದೆ, ಒಂದು ಯೂನಿಟ್ ನಡೀತಾ ಇದೆ ಅಂದ್ರು. ರೂಮ್ ಇನ್ನೂ ಬುಕ್ ಮಾಡಿಲ್ಲ.